ಪೇಂಟಿನ ಪದರದಲ್ಲಿ ಉಳಿದ ವಿಷ: ರಾಸಾಯನಿಕ ಅಸ್ತ್ರ ತನಿಖೆಯಲ್ಲಿ ಮಾದರಿಗಳ ಸಂರಕ್ಷಣೆ

ಉತ್ತರ ಇರಾಕಿನ ಬಿರ್ಜಿನ್ನಿ ಎಂಬ ಸಣ್ಣ ಕುರ್ದಿಶ್ ಹಳ್ಳಿಯ ಮೇಲೆ 1988ರ ಆಗಸ್ಟ್ 25ರಂದು ವಿಮಾನಗಳು ಬಾಂಬ್ ಹಾಕಿದವು. ಬದುಕುಳಿದವರು ಹೊಗೆಯ ಬಗ್ಗೆ, ವಾಸನೆಯ ಬಗ್ಗೆ, ಉಸಿರುಕಟ್ಟಿ ಸತ್ತವರ ಬಗ್ಗೆ ಹೇಳಿದ್ದನ್ನು ನಂಬಲು ಆಗ ಹೆಚ್ಚಿನ ಸರ್ಕಾರಗಳು ಸಿದ್ಧವಿರಲಿಲ್ಲ. ನಾಲ್ಕು ವರ್ಷ ಕಳೆದು, 1992ರ ಜೂನ್‌ನಲ್ಲಿ, ಮಾನವ ಹಕ್ಕುಗಳಿಗಾಗಿ ದುಡಿಯುವ ವೈದ್ಯರ ಮತ್ತು ತಜ್ಞರ ತಂಡವೊಂದು ಆ ಹಳ್ಳಿಗೆ ಹೋಗಿ ಬಾಂಬ್ ಬಿದ್ದ ಗುಂಡಿಗಳ ಮಣ್ಣನ್ನು, ಸಮಾಧಿಗಳಿಂದ ಸಿಕ್ಕ ಬಟ್ಟೆಯ ಚೂರುಗಳನ್ನು, ಬಾಂಬಿನ ಲೋಹದ ತುಂಡುಗಳನ್ನು ಸಂಗ್ರಹಿಸಿ ಬ್ರಿಟನ್ನಿನ ಪೋರ್ಟನ್ ಡೌನ್ ಪ್ರಯೋಗಾಲಯಕ್ಕೆ ಕಳುಹಿಸಿತು. ಆರು ಮಣ್ಣಿನ ಮಾದರಿಗಳಲ್ಲಿ ಸಾಸಿವೆ ಅನಿಲ ಅಥವಾ ಅದು ಒಡೆದಾಗ ಉಳಿಯುವ ವಸ್ತು ಸಿಕ್ಕಿತು. ಬೇರೆ ಆರು ಮಾದರಿಗಳಲ್ಲಿ ಸರಿನ್ ಎಂಬ ನರಘಾತಕ ವಿಷ ನೀರಿನಲ್ಲಿ ಒಡೆದಾಗ ಉಂಟಾಗುವ ಆಮ್ಲಗಳು ಸಿಕ್ಕವು. ಎಲ್ಲಕ್ಕಿಂತ ಅಚ್ಚರಿಯ ಸಂಗತಿಯೆಂದರೆ, ಪೇಂಟು ಬಳಿದಿದ್ದ ಒಂದು ಲೋಹದ ತುಂಡಿನ ಮೇಲೆ, ನಾಲ್ಕು ಮಳೆಗಾಲ ಮತ್ತು ನಾಲ್ಕು ಹಿಮಗಾಲಗಳನ್ನು ದಾಟಿ, ಒಡೆಯದೆ ಉಳಿದ ಸರಿನ್‌ನ ಅತ್ಯಲ್ಪ ಅಂಶವೂ ಪತ್ತೆಯಾಯಿತು. ದಾಳಿ ನಡೆದ ಸ್ಥಳದಿಂದ ತಂದ ಪರಿಸರ ಮಾದರಿಗಳಲ್ಲಿ ನರಘಾತಕ ವಿಷದ ಕುರುಹನ್ನು ನಿಸ್ಸಂದೇಹವಾಗಿ ಗುರುತಿಸಿ ದಾಖಲಿಸಿದ್ದು ಅದೇ ಮೊದಲು.

ಆ ತುಂಡಿನ ಮೇಲೆ ವಿಷ ಉಳಿದದ್ದು ಆಕಸ್ಮಿಕವೂ ಹೌದು, ರಸಾಯನಶಾಸ್ತ್ರವೂ ಹೌದು. ಪೇಂಟು, ರಬ್ಬರು, ಕೆಲವು ಬಗೆಯ ಪ್ಲಾಸ್ಟಿಕ್ಕುಗಳು ಇಂಥ ವಿಷಗಳನ್ನು ತಮ್ಮೊಳಗೆ ಹೀರಿಕೊಂಡು ಗಾಳಿ ಮತ್ತು ತೇವಾಂಶದಿಂದ ಮರೆಮಾಡಿ ಇಟ್ಟುಕೊಳ್ಳಬಲ್ಲವು. ಬಿರ್ಜಿನ್ನಿಯಲ್ಲಿ ಆ ಕೆಲಸವನ್ನು ಯಾರೂ ಉದ್ದೇಶಿಸದೆಯೇ ಒಂದು ಪೇಂಟಿನ ಪದರ ಮಾಡಿತ್ತು. ತನಿಖಾ ತಂಡಗಳು ಇಂದು ಸೀಸೆ, ಮುಚ್ಚಳ, ಮಂಜುಗಡ್ಡೆ, ಮೊಹರು ಮತ್ತು ನೋಂದಣಿ ಪುಸ್ತಕಗಳ ನೆರವಿನಿಂದ ಅದೇ ಕೆಲಸವನ್ನು ಉದ್ದೇಶಪೂರ್ವಕವಾಗಿ ಮಾಡಬೇಕಾಗಿದೆ. ಮಾದರಿಯನ್ನು ಕಾಪಾಡುವುದೆಂದರೆ ಎರಡು ವಸ್ತುಗಳನ್ನು ಏಕಕಾಲಕ್ಕೆ ಕಾಪಾಡುವುದು: ಸೀಸೆಯೊಳಗಿನ ಅಣುವನ್ನು, ಮತ್ತು ಆ ಸೀಸೆ ಎಲ್ಲಿಂದ ಬಂತು, ಯಾರ ಕೈಯಲ್ಲಿತ್ತು ಎಂಬ ದಾಖಲೆಯನ್ನು. ಇವುಗಳಲ್ಲಿ ಒಂದು ಕೆಟ್ಟರೂ ಇನ್ನೊಂದು ಬಹುಮಟ್ಟಿಗೆ ನಿಷ್ಪ್ರಯೋಜಕವಾಗುತ್ತದೆ.

ಮೊದಲು ಅಣುವಿನ ಮಾತು. ಸರಿನ್ ಬೇಗನೆ ಆವಿಯಾಗುವ ದ್ರವ. ಬಿಸಿಲಿನ ದಿನದಲ್ಲಿ ಬಯಲಿಗೆ ಬಿದ್ದ ಸರಿನ್‌ನ ಬಹುಭಾಗ ಗಾಳಿಗೆ ಹೋಗಿಬಿಡುತ್ತದೆ. ನೆಲದಲ್ಲಿ ಉಳಿದ ಅಂಶ ನೀರಿನೊಂದಿಗೆ ವರ್ತಿಸಿ ಒಡೆಯತೊಡಗುತ್ತದೆ, ಸುಣ್ಣದ ಅಂಶವಿರುವ ಕ್ಷಾರೀಯ ಮಣ್ಣಿನಲ್ಲಿ ಮತ್ತು ಕಾಂಕ್ರೀಟಿನಲ್ಲಿ ಇನ್ನೂ ಬೇಗ. ಹೀಗೆ ಒಡೆದಾಗ ಮೊದಲು ಐಸೊಪ್ರೊಪೈಲ್ ಮೀಥೈಲ್‌ಫಾಸ್ಫೋನಿಕ್ ಆಮ್ಲ ಉಂಟಾಗುತ್ತದೆ. ಅದು ಬಹಳ ನಿಧಾನವಾಗಿ ಮತ್ತೆ ಒಡೆದು ಮೀಥೈಲ್‌ಫಾಸ್ಫೋನಿಕ್ ಆಮ್ಲವಾಗುತ್ತದೆ. ಈ ಎರಡು ಹಂತಗಳ ನಡುವಿನ ವ್ಯತ್ಯಾಸ ಬರೀ ಹೆಸರಿನದಲ್ಲ. ಮೊದಲನೆಯ ಆಮ್ಲ ಪ್ರಕೃತಿಯಲ್ಲಿ ಇಲ್ಲ, ಸಾಮಾನ್ಯ ಕೈಗಾರಿಕೆಯಲ್ಲೂ ಇಲ್ಲ. ಆದ್ದರಿಂದ ಅದು ಸಿಕ್ಕರೆ ಬೆರಳು ನೇರವಾಗಿ ಸರಿನ್ ಕಡೆಗೆ ತೋರುತ್ತದೆ. ಎರಡನೆಯದು ಬಹಳ ಗಟ್ಟಿ, ವರ್ಷಗಟ್ಟಲೆ ಉಳಿಯುತ್ತದೆ. ಆದರೆ ಸೋಮನ್ ಮತ್ತು ವಿಎಕ್ಸ್ ಎಂಬ ಇತರ ನರಘಾತಕಗಳಿಂದಲೂ ಅದೇ ಉಂಟಾಗುತ್ತದೆ, ಬೆಂಕಿ ನಿರೋಧಕವಾಗಿ ಬಳಸುವ ಕೆಲವು ರಾಸಾಯನಿಕಗಳಿಂದಲೂ ಉಂಟಾಗಬಲ್ಲದು. ಅಂದರೆ ಕಾಲ ಕಳೆದಂತೆ ಸಾಕ್ಷಿ ಪೂರ್ತಿ ಅಳಿಸಿಹೋಗುವುದಿಲ್ಲ, ಅದರ ಮಾತು ಮಸುಕಾಗುತ್ತ ಹೋಗುತ್ತದೆ: ಮೊದಲು 'ಸರಿನ್' ಎಂದು ಹೇಳುತ್ತಿದ್ದ ಮಣ್ಣು ಆಮೇಲೆ 'ಇಂಥದ್ದೇ ಯಾವುದೋ ಒಂದು' ಎಂದಷ್ಟೇ ಹೇಳುತ್ತದೆ. ಸಂರಕ್ಷಣೆಯ ಗುರಿ ಈ ಮಸುಕಾಗುವಿಕೆಯನ್ನು ಮಾದರಿ ತೆಗೆದ ಕ್ಷಣದಲ್ಲೇ ನಿಲ್ಲಿಸುವುದು.

ಸಾಸಿವೆ ಅನಿಲದ ಸ್ವಭಾವ ಬೇರೆ. ಹೆಸರು ಅನಿಲವಾದರೂ ಅದು ಎಣ್ಣೆಯಂಥ ದ್ರವ, ನೀರಿನಲ್ಲಿ ಸುಲಭವಾಗಿ ಕರಗದು. ಅದರ ಹನಿಯ ಸುತ್ತ ಒಡೆದ ಅಂಶಗಳಿಂದಲೇ ಒಂದು ದಪ್ಪ ಸಿಪ್ಪೆ ಕಟ್ಟಿಕೊಂಡು ಒಳಗಿನ ವಿಷ ಹಾಗೇ ಉಳಿಯುವುದುಂಟು. ಎರಡನೇ ಮಹಾಯುದ್ಧದ ನಂತರ ಬಾಲ್ಟಿಕ್ ಸಮುದ್ರಕ್ಕೆ ಸುರಿದ ಸಾಸಿವೆ ಅನಿಲದ ಮುದ್ದೆಗಳು ದಶಕಗಳ ಮೇಲೂ ಬಲೆಗೆ ಸಿಕ್ಕು ಮೀನುಗಾರರ ಮೈ ಸುಟ್ಟಿವೆ. ಅದು ಒಡೆದಾಗ ಉಳಿಯುವ ಥಯೋಡೈಗ್ಲೈಕಾಲ್ ಮಾತ್ರ ದುರ್ಬಲ ಸಾಕ್ಷಿ, ಏಕೆಂದರೆ ಶಾಯಿ ಮತ್ತು ಬಟ್ಟೆಯ ಬಣ್ಣಗಳ ಉದ್ಯಮದಲ್ಲೂ ಅದರ ಬಳಕೆಯಿದೆ. ಕ್ಲೋರಿನ್ ಇವೆಲ್ಲಕ್ಕಿಂತ ಕಷ್ಟದ್ದು. ಅದು ಗಾಳಿಯಲ್ಲಿ ಚದುರಿಹೋಗುತ್ತದೆ, ಉಳಿಸಿಹೋಗುವ ಕ್ಲೋರೈಡ್ ಅಡುಗೆ ಉಪ್ಪಿನಲ್ಲೂ ಇದೆ, ಬೆವರಿನಲ್ಲೂ ಇದೆ, ನಲ್ಲಿಯ ನೀರಿನಲ್ಲೂ ಇದೆ.

ಈ ಕಾರಣಕ್ಕೆ ಯಾವ ವಸ್ತುವಿನಿಂದ ಮಾದರಿ ತೆಗೆಯಬೇಕು ಎಂಬ ನಿರ್ಧಾರವೇ ಸಂರಕ್ಷಣೆಯ ಮೊದಲ ಹೆಜ್ಜೆಯಾಗುತ್ತದೆ. ಸಿರಿಯಾದ ದೂಮಾ ಪಟ್ಟಣದಲ್ಲಿ 2018ರ ಏಪ್ರಿಲ್ 7ರಂದು ನಡೆದ ದಾಳಿಯ ಸ್ಥಳಕ್ಕೆ ರಾಸಾಯನಿಕ ಅಸ್ತ್ರಗಳ ನಿಷೇಧ ಸಂಸ್ಥೆಯ ತಂಡ ಮೊದಲ ಬಾರಿಗೆ ಕಾಲಿಡಲು ಸಾಧ್ಯವಾದದ್ದು ಏಪ್ರಿಲ್ 21ಕ್ಕೆ. ಎರಡು ವಾರಗಳಲ್ಲಿ ಅನಿಲವೆಂಬುದು ಏನೂ ಉಳಿದಿರಲಿಲ್ಲ. ಆದರೆ ಕ್ಲೋರಿನ್ ಮರದೊಂದಿಗೆ ವರ್ತಿಸಿದಾಗ ಮರದ ಸಹಜ ರಾಳದ ಅಂಶಗಳು ಕ್ಲೋರಿನ್ ಸೇರಿಸಿಕೊಂಡ ಸಂಯುಕ್ತಗಳಾಗಿ ಬದಲಾಗುತ್ತವೆ. ಮನೆಯೊಳಗಿನ ಮರದ ತುಂಡುಗಳಲ್ಲಿ ಅಂಥ ಸಂಯುಕ್ತಗಳು ಸಿಕ್ಕವು, ನರಘಾತಕ ವಿಷದ ಕುರುಹು ಸಿಗಲಿಲ್ಲ. ಒಂದು ಮಂಚದ ಹಲಗೆಯೋ ಬಾಗಿಲಿನ ಚೌಕಟ್ಟೋ ತಾನು ಉಸಿರಾಡಿದ ಗಾಳಿಯನ್ನು ತನ್ನ ನಾರಿನಲ್ಲಿ ಬರೆದಿಟ್ಟುಕೊಂಡಿರುತ್ತದೆ ಎನ್ನಬಹುದು. ಅದನ್ನು ಓದಬೇಕಾದರೆ ವಿಷ ತಾಕದ ಅದೇ ಬಗೆಯ ಮರವೂ ಬೇಕು. ಅಂಥ ಹೋಲಿಕೆಯ ಮಾದರಿಗಳನ್ನು ಅದೇ ಪರಿಸರದಿಂದ ಸಂಗ್ರಹಿಸಿ, ಅಷ್ಟೇ ಎಚ್ಚರದಿಂದ ಸೀಸೆಗೆ ತುಂಬಿ, ಅಷ್ಟೇ ತಣ್ಣಗೆ ಇಡದಿದ್ದರೆ ಪ್ರಯೋಗಾಲಯದ ಫಲಿತಾಂಶವನ್ನು ಪ್ರಶ್ನಿಸುವವರಿಗೆ ಉತ್ತರ ಕೊಡುವುದು ಕಷ್ಟ.

ಒಂದು ಚಮಚ ಮಣ್ಣು ಸೀಸೆಗೆ ಸೇರುವುದನ್ನು ಹತ್ತಿರದಿಂದ ನೋಡೋಣ. ತನಿಖಾಧಿಕಾರಿ ಎರಡು ಜೊತೆ ಕೈಗವಸು ಹಾಕಿರುತ್ತಾನೆ; ಪ್ರತಿ ಮಾದರಿಗೂ ಹೊರಗಿನ ಜೊತೆಯನ್ನು ಬದಲಾಯಿಸುತ್ತಾನೆ, ಏಕೆಂದರೆ ಹಿಂದಿನ ಗುಂಡಿಯ ವಿಷ ಮುಂದಿನ ಗುಂಡಿಯ ಮಣ್ಣಿಗೆ ಬೆರಳ ತುದಿಯಿಂದ ದಾಟಿದರೂ ಸಾಕು, ಅಲ್ಲಿ ಇಲ್ಲದ ವಿಷ ಅಲ್ಲಿ 'ಇದ್ದಂತೆ' ಆಗುತ್ತದೆ. ಚಮಚವೂ ಹೊಸದು. ಮಣ್ಣು ತೆಗೆಯುವ ಮೊದಲು ಆ ಜಾಗದ ಪಕ್ಕದಲ್ಲಿ ಸಂಖ್ಯೆಯ ಚೀಟಿ ಇಟ್ಟು ಫೋಟೊ ತೆಗೆಯಲಾಗುತ್ತದೆ, ಉಪಗ್ರಹ ಆಧಾರಿತ ಸ್ಥಾನ ಗುರುತು ಬರೆದುಕೊಳ್ಳಲಾಗುತ್ತದೆ, ಇಡೀ ಕ್ರಿಯೆ ವಿಡಿಯೊದಲ್ಲಿ ಸೆರೆಯಾಗುತ್ತಿರುತ್ತದೆ. ಸೀಸೆ ಸಾಮಾನ್ಯವಾಗಿ ಗಾಜಿನದು, ಮುಚ್ಚಳದ ಒಳಭಾಗಕ್ಕೆ ಟೆಫ್ಲಾನ್ ಪದರ. ಅಗ್ಗದ ಪ್ಲಾಸ್ಟಿಕ್ ಡಬ್ಬಿ ಎರಡು ರೀತಿಯಲ್ಲಿ ಮೋಸ ಮಾಡುತ್ತದೆ: ಮಾದರಿಯೊಳಗಿನ ವಿಷವನ್ನು ತಾನು ಹೀರಿಕೊಳ್ಳುತ್ತದೆ, ತನ್ನೊಳಗಿನ ಮೃದುಕಾರಕ ರಾಸಾಯನಿಕಗಳನ್ನು ಮಾದರಿಗೆ ಬಿಟ್ಟುಕೊಡುತ್ತದೆ. ಸೀಸೆಯಲ್ಲಿ ಗಾಳಿಗೆ ಉಳಿಯುವ ಜಾಗ ಕಡಿಮೆಯಿದ್ದಷ್ಟೂ ಒಳ್ಳೆಯದು. ಮುಚ್ಚಳ ಬಿಗಿದ ಮೇಲೆ ಹೊರಗಿನ ಮೈಯನ್ನು ಒರೆಸಿ, ಇನ್ನೊಂದು ಚೀಲದೊಳಗೆ ಇಟ್ಟು, ಒಡೆದರೆ ಹೀರಿಕೊಳ್ಳುವ ವಸ್ತುವಿನ ನಡುವೆ ಕೂರಿಸಿ, ಬಿಚ್ಚಿದರೆ ಗುರುತು ಉಳಿಯುವಂಥ ಮೊಹರು ಹಾಕುತ್ತಾರೆ. ಆಮೇಲೆ ಬೆಳಕಿಲ್ಲದ ತಂಪು ಪೆಟ್ಟಿಗೆ, ಮಣ್ಣು ಮತ್ತು ನೀರಿಗೆ ಸುಮಾರು 4 ಡಿಗ್ರಿ ಸೆಲ್ಸಿಯಸ್. ತಂಪು ರಾಸಾಯನಿಕ ಕ್ರಿಯೆಯನ್ನು ನಿಧಾನಿಸುತ್ತದೆ, ಮಣ್ಣಿನಲ್ಲಿರುವ ಸೂಕ್ಷ್ಮಜೀವಿಗಳ ಕೆಲಸವನ್ನೂ ತಡೆಯುತ್ತದೆ.

ಬಾಂಬಿನ ತುಂಡಿನಂಥ ವಿಷ ಹೆಚ್ಚಿರುವ ವಸ್ತುವನ್ನೂ ದೂರದ ಅಂಗಳದ ಮಣ್ಣನ್ನೂ ಒಂದೇ ಪೆಟ್ಟಿಗೆಯಲ್ಲಿ ಇಡುವುದು ದೊಡ್ಡ ತಪ್ಪು; ಆವಿ ಮುಚ್ಚಳಗಳನ್ನು ದಾಟಿ ಹೋಗಬಲ್ಲದು. ಅದಕ್ಕೇ ಪ್ರತಿ ಪೆಟ್ಟಿಗೆಯ ಜೊತೆ ಶುದ್ಧ ವಸ್ತು ತುಂಬಿದ, ವಿಷ ತಾಕದ ಒಂದು ಸೀಸೆಯೂ ಪ್ರಯಾಣ ಮಾಡುವುದು ಒಳ್ಳೆಯ ಪದ್ಧತಿ. ದಾರಿಯಲ್ಲಿ ಏನಾದರೂ ಸೋರಿದ್ದರೆ ಆ ಶುದ್ಧ ಸೀಸೆ ಅದನ್ನು ಹೇಳಿಬಿಡುತ್ತದೆ.

ಮನುಷ್ಯನ ದೇಹದಿಂದ ತೆಗೆದ ಮಾದರಿಗಳಿಗೆ ಇನ್ನೂ ಸೂಕ್ಷ್ಮ ಕಾಳಜಿ ಬೇಕು. ನರಘಾತಕ ವಿಷ ರಕ್ತದಲ್ಲಿ ಹಾಗೇ ತೇಲಾಡಿಕೊಂಡು ಹೆಚ್ಚು ಹೊತ್ತು ಇರುವುದಿಲ್ಲ. ಅದರ ಒಡೆದ ಅಂಶಗಳು ಕೆಲವು ದಿನಗಳಲ್ಲಿ ಮೂತ್ರದ ಮೂಲಕ ಹೊರಟುಹೋಗುತ್ತವೆ. ಆದರೆ ವಿಷದ ಒಂದು ಪಾಲು ರಕ್ತದ ಪ್ರೋಟೀನುಗಳಿಗೆ ಅಂಟಿಕೊಂಡು, ಆ ಪ್ರೋಟೀನು ಬದುಕಿರುವಷ್ಟು ಕಾಲವೂ ಉಳಿಯುತ್ತದೆ. ಆಲ್ಬುಮಿನ್ ಎಂಬ ಪ್ರೋಟೀನಿನ ಅರ್ಧಾಯುಷ್ಯ ಸುಮಾರು 20 ದಿನ. ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ. ಸಾಸಿವೆ ಅನಿಲ ಕೆಂಪು ಕಣದೊಳಗಿನ ಹಿಮೋಗ್ಲೋಬಿನ್‌ಗೆ ಅಂಟುವುದರಿಂದ ತಿಂಗಳುಗಳ ಮೇಲೂ ಅದರ ಗುರುತನ್ನು ಹುಡುಕಬಹುದು. ಆದ್ದರಿಂದ ರಕ್ತ ತೆಗೆದ ಕೂಡಲೇ ಅದು ಹೆಪ್ಪುಗಟ್ಟದಂತೆ ತಡೆಯುವ ಕೊಳವೆಗೆ ಹಾಕಿ, ಯಂತ್ರದಲ್ಲಿ ತಿರುಗಿಸಿ, ಪ್ಲಾಸ್ಮಾ ಮತ್ತು ಕೆಂಪು ಕಣಗಳನ್ನು ಬೇರೆ ಮಾಡಿ, ಪ್ರತ್ಯೇಕವಾಗಿ ಗಡ್ಡೆಗಟ್ಟಿಸಬೇಕು. ರಕ್ತವನ್ನು ಇಡಿಯಾಗಿ ಫ್ರೀಜರಿಗೆ ಹಾಕಿದರೆ ಕಣಗಳು ಒಡೆದು ಎಲ್ಲವೂ ಕಲಸಿಹೋಗುತ್ತದೆ. ಕರೆಂಟು ಹೋಗಿ ಬಂದು, ಮಾದರಿ ಕರಗಿ ಮತ್ತೆ ಗಡ್ಡೆಗಟ್ಟಿದರೆ ಪ್ರೋಟೀನುಗಳಿಗೆ ಪೆಟ್ಟು ಬೀಳುತ್ತದೆ. ಯುದ್ಧ ನಡೆಯುತ್ತಿರುವ ಊರಿನ ಆಸ್ಪತ್ರೆಯಲ್ಲಿ ಜನರೇಟರಿಗೆ ಡೀಸೆಲ್ ಇದೆಯೇ ಎಂಬ ಪ್ರಶ್ನೆ ಹೀಗೆ ಅಂತರರಾಷ್ಟ್ರೀಯ ತನಿಖೆಯ ಪ್ರಶ್ನೆಯೂ ಆಗಿಬಿಡುತ್ತದೆ.

ಎಚ್ಚರದಿಂದ ಇಟ್ಟದ್ದು ಎಷ್ಟು ಫಲ ಕೊಡುತ್ತದೆ ಎಂಬುದಕ್ಕೆ ಜಪಾನಿನ ಉದಾಹರಣೆ ಸಾಕು. ಮತ್ಸುಮೊಟೊದಲ್ಲಿ 1994ರಲ್ಲಿ, ಟೋಕಿಯೊದ ಸುರಂಗ ರೈಲಿನಲ್ಲಿ 1995ರ ಮಾರ್ಚ್ 20ರಂದು ಓಮ್ ಶಿನ್ರಿಕ್ಯೊ ಪಂಥ ಸರಿನ್ ಬಳಸಿತು. ಬಲಿಯಾದವರ ರಕ್ತದ ಸೀರಂ ಅನ್ನು ಕಾಪಾಡಿ ಇಡಲಾಗಿತ್ತು. ಪ್ರೋಟೀನಿಗೆ ಅಂಟಿದ ಸರಿನ್ ಅನ್ನು ಫ್ಲೋರೈಡ್ ಬಳಸಿ ಬಿಡಿಸಿಕೊಳ್ಳುವ ಹೊಸ ವಿಧಾನವನ್ನು ನೆದರ್ಲೆಂಡ್ಸಿನ ವಿಜ್ಞಾನಿಗಳು ರೂಪಿಸಿ 1997ರಲ್ಲಿ ಪ್ರಕಟಿಸಿದಾಗ, ಟೋಕಿಯೊದ 11 ಜನರ ಪೈಕಿ 10 ಜನರ ಸೀರಂನಲ್ಲಿ ಸರಿನ್ ಪತ್ತೆಯಾಗಿತ್ತು. ಸತ್ತವರ ಮಿದುಳಿನ ಅಂಗಾಂಶವನ್ನು ಫಾರ್ಮಲಿನ್‌ನಲ್ಲಿ ಸುಮಾರು ಎರಡು ವರ್ಷ ಇಟ್ಟ ಮೇಲೂ ಜಪಾನಿನ ವಿಜ್ಞಾನಿಗಳು ಅದರಿಂದ ಸರಿನ್‌ನ ಕುರುಹನ್ನು ಹೊರತೆಗೆದರು. ದಾಳಿಯ ದಿನ ಇಲ್ಲದಿದ್ದ ವಿಧಾನವೊಂದು ಮುಂದೆ ಹುಟ್ಟಬಹುದು. ಅದು ಹುಟ್ಟುವವರೆಗೆ ಮಾದರಿ ಕಾಯುತ್ತಿರಬೇಕು.

ಇನ್ನು ದಾಖಲೆಯ ಮಾತು. ನಮ್ಮ ಪೊಲೀಸ್ ಠಾಣೆಗಳ ಭಾಷೆ ಗೊತ್ತಿರುವವರಿಗೆ ಇದು ಹೊಸದಲ್ಲ: ಸ್ಥಳ ಮಹಜರು, ಪಂಚರ ಸಹಿ, ಅರಗಿನ ಮೊಹರು, ಮುದ್ದೆಮಾಲಿನ ನೋಂದಣಿ ಪುಸ್ತಕ. ಮುದ್ದೆಮಾಲು ಠಾಣೆಯಿಂದ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಯಾವಾಗ ಹೋಯಿತು, ನಡುವಿನ ದಿನಗಳಲ್ಲಿ ಎಲ್ಲಿತ್ತು ಎಂದು ಪ್ರತಿವಾದಿ ವಕೀಲರು ಕೇಳಿದಾಗ ತಡವರಿಸಿದ ಪ್ರಕರಣ ಬಿದ್ದುಹೋಗುವುದನ್ನು ನಾವು ಕಂಡಿದ್ದೇವೆ. ರಾಸಾಯನಿಕ ಅಸ್ತ್ರದ ತನಿಖೆಯಲ್ಲಿ ಪ್ರತಿವಾದಿಯ ಜಾಗದಲ್ಲಿ ಒಂದು ದೇಶವೇ ನಿಂತಿರುತ್ತದೆ. ಮಾದರಿ ತೆಗೆದ ಕೈಯಿಂದ ವಿಶ್ಲೇಷಣೆ ಮಾಡುವ ಕೈವರೆಗೆ ಪ್ರತಿ ಹಸ್ತಾಂತರಕ್ಕೂ ಹೆಸರು, ಸಮಯ, ಸಹಿ, ಮೊಹರಿನ ಸಂಖ್ಯೆ ಇರಬೇಕು. ಈ ಹಸ್ತಾಂತರ ಸರಪಳಿಯ ಒಂದು ಕೊಂಡಿ ಕಾಣೆಯಾದರೂ ವಿಜ್ಞಾನ ಎಷ್ಟೇ ಗಟ್ಟಿಯಾಗಿದ್ದರೂ ಅನುಮಾನ ಉಳಿಯುತ್ತದೆ.

1980ರ ದಶಕದ 'ಹಳದಿ ಮಳೆ' ವಿವಾದ ಇದನ್ನು ಕಹಿಯಾಗಿ ಕಲಿಸಿತು. ಲಾವೋಸ್ ಮತ್ತು ಕಾಂಬೋಡಿಯಾದಲ್ಲಿ ಸೋವಿಯತ್ ಬೆಂಬಲಿತ ಪಡೆಗಳು ಶಿಲೀಂಧ್ರದ ವಿಷ ಸುರಿದಿವೆ ಎಂದು ಅಮೆರಿಕ 1981ರಲ್ಲಿ ಆರೋಪಿಸಿತು. ಸಾಕ್ಷಿಯೆಂದು ತೋರಿಸಿದ ಎಲೆ, ಕಡ್ಡಿಗಳು ಹಲವು ಕೈಗಳನ್ನು ದಾಟಿ ಬಂದಿದ್ದವು, ಹೋಲಿಕೆಯ ಮಾದರಿಗಳು ಸಾಲದಾಗಿದ್ದವು. ಮುಂದೆ ಬೇರೆ ಪ್ರಯೋಗಾಲಯಗಳಿಗೆ ಆ ವಿಷ ಮತ್ತೆ ಸಿಗಲಿಲ್ಲ. ಹಳದಿ ಕಲೆಗಳಲ್ಲಿ ಹೇರಳವಾಗಿ ಸಿಕ್ಕದ್ದು ಹೂವಿನ ಪರಾಗ. ಅದು ಜೇನುನೊಣಗಳ ಮಲ ಎಂದು ಅಮೆರಿಕದ ಜೀವವಿಜ್ಞಾನಿ ಮ್ಯಾಥ್ಯೂ ಮೆಸೆಲ್ಸನ್ ಮತ್ತು ಸಂಗಡಿಗರು ತೋರಿಸಿದರು. ಆ ವಿವಾದದಲ್ಲಿ ನನ್ನನ್ನು ಹೆಚ್ಚು ಕಾಡುವುದು ಆ ಮಳೆಗೆ ತುತ್ತಾದೆವೆಂದು ಹೇಳಿದ ಲಾವೋಸಿನ ಗುಡ್ಡಗಾಡಿನ ಹ್ಮಾಂಗ್ ಜನರ ಸ್ಥಿತಿ: ತಮಗೆ ಏನಾಯಿತೆಂದು ಅವರು ಹೇಳಿದ ಮಾತನ್ನು ದೃಢಪಡಿಸಲೂ ಆಗದಂತೆ, ತಳ್ಳಿಹಾಕಲೂ ಆಗದಂತೆ, ಮಾದರಿಗಳೇ ಅದನ್ನು ನಡುದಾರಿಯಲ್ಲಿ ಬಿಟ್ಟವು.

ಹೇಗ್ ನಗರದಲ್ಲಿ 1997ರಲ್ಲಿ ಕೆಲಸ ಆರಂಭಿಸಿದ ನಿಷೇಧ ಸಂಸ್ಥೆಯ ನಿಯಮಗಳನ್ನು ಓದಿದರೆ ಇಂಥ ಅನುಭವಗಳ ನೆರಳು ಕಾಣುತ್ತದೆ. ಸ್ಥಳದಿಂದ ಹೊರಗೆ ಕಳುಹಿಸುವ ಮಾದರಿಯನ್ನು ಕನಿಷ್ಠ ಎರಡು ಮಾನ್ಯತೆ ಪಡೆದ ಪ್ರಯೋಗಾಲಯಗಳು ಪ್ರತ್ಯೇಕವಾಗಿ ಪರೀಕ್ಷಿಸಬೇಕು. ತಪಾಸಣೆಗೆ ಒಳಗಾದ ದೇಶ ಪ್ರತಿ ಮಾದರಿಯ ಒಂದು ಪಾಲನ್ನು ತಾನೇ ಇಟ್ಟುಕೊಳ್ಳಬಹುದು. ಸಂಸ್ಥೆಯ ಸ್ವಂತ ಪ್ರಯೋಗಾಲಯದಲ್ಲಿ ಮಾದರಿಯನ್ನು ಪಾಲು ಮಾಡಿ, ಸಂಕೇತ ಸಂಖ್ಯೆ ಕೊಟ್ಟು, ಜೊತೆಗೆ ವಿಷವಿಲ್ಲದ ಒಂದು ಸೀಸೆಯನ್ನೂ ಬೇಕೆಂದೇ ವಿಷ ಸೇರಿಸಿದ ಒಂದು ಸೀಸೆಯನ್ನೂ ಕಳುಹಿಸುತ್ತಾರೆ. ಯಾವುದು ಯಾವುದೆಂದು ಪರೀಕ್ಷಿಸುವವರಿಗೆ ತಿಳಿದಿರುವುದಿಲ್ಲ. ಮಾನ್ಯತೆ ಉಳಿಸಿಕೊಳ್ಳಲು ಪ್ರಯೋಗಾಲಯಗಳು ಕಾಲಕಾಲಕ್ಕೆ ಕಠಿಣ ಪರೀಕ್ಷೆಗೆ ಕೂರಬೇಕು, ಮಾದರಿಯಲ್ಲಿ ಇಲ್ಲದ ವಿಷವನ್ನು ಇದೆಯೆಂದು ಬರೆದರೆ ಆ ಪರೀಕ್ಷೆಯಲ್ಲಿ ಅನುತ್ತೀರ್ಣ. ಈ ಮಾನ್ಯತೆಯನ್ನು ಗ್ವಾಲಿಯರ್‌ನ ರಕ್ಷಣಾ ಸಂಶೋಧನಾ ಪ್ರಯೋಗಾಲಯ ಮತ್ತು ಹೈದರಾಬಾದಿನ ಭಾರತೀಯ ರಾಸಾಯನಿಕ ತಂತ್ರಜ್ಞಾನ ಸಂಸ್ಥೆ ಪಡೆದಿವೆ.

ಸಿರಿಯಾದ ರಾಜಧಾನಿ ಡಮಾಸ್ಕಸ್‌ನ ಹೊರವಲಯದ ಘೌಟಾದಲ್ಲಿ 2013ರ ಆಗಸ್ಟ್ 21ರಂದು ಸರಿನ್ ದಾಳಿ ನಡೆದಾಗ ವಿಶ್ವಸಂಸ್ಥೆಯ ತಂಡ ಡಮಾಸ್ಕಸ್‌ನಲ್ಲೇ ಇತ್ತು. ಸ್ವೀಡನ್ನಿನ ವಿಜ್ಞಾನಿ ಓಕೆ ಸೆಲ್‌ಸ್ಟ್ರೋಮ್ ನೇತೃತ್ವದ ಆ ತಂಡ ದಾಳಿಯಾದ ಎಂಟು ದಿನಗಳೊಳಗೇ ರಾಕೆಟ್ ಬಿದ್ದ ಸ್ಥಳಗಳಿಂದಲೂ ಬದುಕುಳಿದವರ ರಕ್ತದಿಂದಲೂ ತಾನೇ ಮಾದರಿ ತೆಗೆದು, ಆಗಸ್ಟ್ 31ರಂದು ಹೇಗ್ ತಲುಪಿಸಿತು. ಮುಂದಿನ ಪ್ರಕ್ರಿಯೆಯನ್ನು ಇಬ್ಬರು ಸಿರಿಯಾ ಅಧಿಕಾರಿಗಳು ನೋಡುತ್ತಿದ್ದರು. ಸೆಪ್ಟೆಂಬರ್ 16ಕ್ಕೆ ವರದಿ ಹೊರಬಂದಾಗ ಮಾದರಿಗಳ ಮೂಲದ ಬಗ್ಗೆ ತಕರಾರಿಗೆ ಹೆಚ್ಚು ಜಾಗವಿರಲಿಲ್ಲ. ಖಾನ್ ಶೇಖೂನ್ ಪಟ್ಟಣದ 2017ರ ಏಪ್ರಿಲ್ 4ರ ದಾಳಿಯಲ್ಲಿ ಪರಿಸ್ಥಿತಿ ತದ್ವಿರುದ್ಧ. ತನಿಖಾ ತಂಡ ಅಲ್ಲಿಗೆ ಹೋಗಲಾಗಲಿಲ್ಲ. ನೆರೆಯ ದೇಶಕ್ಕೆ ಸಾಗಿಸಿದ ಮೃತರ ಶವಪರೀಕ್ಷೆಯಲ್ಲಿ ಹಾಜರಿದ್ದು ತೆಗೆಸಿಕೊಂಡ ಮಾದರಿಗಳಿಗೆ ಪೂರ್ಣ ಸರಪಳಿ ಇತ್ತು. ಸ್ಥಳದ ಮಣ್ಣನ್ನು ಮಾತ್ರ ಇತರರು ತಂದುಕೊಟ್ಟದ್ದರಿಂದ ಅದಕ್ಕೆ ಅಷ್ಟು ತೂಕ ಕೊಡಲಾಗಲಿಲ್ಲ. ಮುಂದೆ ಸಿರಿಯಾ ಸರ್ಕಾರವೇ ಬೇರೆಯಾಗಿ ಒದಗಿಸಿದ ಮಾದರಿಗಳಲ್ಲೂ ಸರಿನ್‌ನ ಕುರುಹು ಸಿಕ್ಕಿತು.

ಅದೇ ಪ್ರಕರಣದಲ್ಲಿ, ಹಳೆಯ ಮಾದರಿಗಳ ಬೆಲೆ ಏನೆಂಬುದೂ ತಿಳಿಯಿತು. ಸಿರಿಯಾ 2013ರಲ್ಲಿ ರಾಸಾಯನಿಕ ಅಸ್ತ್ರ ನಿಷೇಧ ಒಪ್ಪಂದ ಸೇರಿ ತನ್ನ ರಾಸಾಯನಿಕ ದಾಸ್ತಾನನ್ನು ಒಪ್ಪಿಸಿದಾಗ, ಸರಿನ್ ತಯಾರಿಕೆಯ ಪೂರ್ವವಸ್ತುವಿನ ಮಾದರಿಗಳು ತನಿಖಾಧಿಕಾರಿಗಳಿಗೆ ದೊರಕಿದ್ದವು. ಪ್ರತಿ ಕಾರ್ಖಾನೆಯ ತಯಾರಿಕೆಯಲ್ಲೂ ಅದರದೇ ಆದ ಕಲ್ಮಶಗಳು ಸಣ್ಣ ಪ್ರಮಾಣದಲ್ಲಿ ಉಳಿಯುತ್ತವೆ. ಖಾನ್ ಶೇಖೂನ್‌ನ ಸರಿನ್‌ನಲ್ಲಿದ್ದ ಕಲ್ಮಶಗಳನ್ನು ಆ ಹಳೆಯ ಮಾದರಿಗಳ ಕಲ್ಮಶಗಳೊಂದಿಗೆ ಹೋಲಿಸಿದ, ವಿಶ್ವಸಂಸ್ಥೆ ಮತ್ತು ನಿಷೇಧ ಸಂಸ್ಥೆಯ ಜಂಟಿ ತನಿಖಾ ವ್ಯವಸ್ಥೆ, ಆ ಸರಿನ್ ಸಿರಿಯಾದ ಮೂಲ ದಾಸ್ತಾನಿನ ಪೂರ್ವವಸ್ತುವಿನಿಂದಲೇ ತಯಾರಾಗಿರುವ ಸಂಭವ ಬಹಳ ಹೆಚ್ಚು ಎಂದು 2017ರ ಅಕ್ಟೋಬರ್‌ನಲ್ಲಿ ವರದಿ ಮಾಡಿತು. ದಾಸ್ತಾನು ಸಮುದ್ರದ ನಡುವೆ ಹಡಗಿನಲ್ಲಿ ನಾಶವಾಗಿ ಮೂರು ವರ್ಷವಾಗಿತ್ತು. ಹೋಲಿಕೆ ಸಾಧ್ಯವಾದದ್ದು ಮಾದರಿ ಉಳಿದಿದ್ದರಿಂದ. ಹೀಗೆ ಕಲ್ಮಶವೇ ಗುರುತಿನ ಚೀಟಿಯಾಗುವುದರಿಂದ ಸಂಗ್ರಹದ ಸಮಯದಲ್ಲಿ ಹೊರಗಿನಿಂದ ಸೇರುವ ಅತಿ ಸಣ್ಣ ಕಲ್ಮಶವೂ ಅಪಾಯ.

ಮಾದರಿ ಮನುಷ್ಯನದ್ದಾದಾಗ ಅನುಮತಿಯ ಪ್ರಶ್ನೆಯೂ ಬರುತ್ತದೆ. ಇಂಗ್ಲೆಂಡಿನ ಸಾಲಿಸ್ಬರಿಯಲ್ಲಿ 2018ರ ಮಾರ್ಚ್ 4ರಂದು ನೊವಿಚಾಕ್ ಬಗೆಯ ವಿಷಕ್ಕೆ ತುತ್ತಾದ ಇಬ್ಬರು ಪ್ರಜ್ಞೆಯಿಲ್ಲದೆ ಆಸ್ಪತ್ರೆಯಲ್ಲಿದ್ದರು. ನಿಷೇಧ ಸಂಸ್ಥೆಯ ತಂಡಕ್ಕಾಗಿ ಅವರ ರಕ್ತ ತೆಗೆಯಲು ನ್ಯಾಯಾಲಯದ ಅನುಮತಿ ಕೇಳಲಾಯಿತು. ಒಪ್ಪಿಗೆ ಕೊಡಲಾಗದವರ ಪರವಾಗಿ ನ್ಯಾಯಾಧೀಶರು ವಿಚಾರಣೆ ನಡೆಸಿ, ಮಾರ್ಚ್ 22ರಂದು ಅನುಮತಿಯಿತ್ತರು. ಆ ಆದೇಶದ ಪ್ರತಿ ನನ್ನ ದೃಷ್ಟಿಯಲ್ಲಿ ರಕ್ತದ ಕೊಳವೆಯಷ್ಟೇ ಮುಖ್ಯವಾದ ದಾಖಲೆ.

ಎಷ್ಟು ಕಾಲ ಇಡಬೇಕು? ಡಚ್ ವ್ಯಾಪಾರಿ ಫ್ರಾನ್ಸ್ ವಾನ್ ಆನ್‌ರಾಟ್ 1980ರ ದಶಕದಲ್ಲಿ ಇರಾಕಿನ ಸದ್ದಾಂ ಹುಸೇನ್ ಸರ್ಕಾರಕ್ಕೆ ಥಯೋಡೈಗ್ಲೈಕಾಲ್ ಪೂರೈಸಿದ್ದ; ಸಾಸಿವೆ ಅನಿಲ ತಯಾರಿಸಲು ಕಚ್ಚಾವಸ್ತುವೂ ಅದೇ. ಹೇಗ್‌ನ ನ್ಯಾಯಾಲಯ ಅವನಿಗೆ ಶಿಕ್ಷೆ ವಿಧಿಸಿದ್ದು 2005ರ ಡಿಸೆಂಬರ್‌ನಲ್ಲಿ, 1988ರಲ್ಲಿ ಇರಾಕಿನ ಕುರ್ದಿಶ್ ಪಟ್ಟಣ ಹಲಬ್ಜಾದ ಮೇಲೆ ನಡೆದ ರಾಸಾಯನಿಕ ದಾಳಿಯ ಸಾವುಗಳಾಗಿ ಹದಿನೇಳು ವರ್ಷಗಳ ಮೇಲೆ. ಫ್ರೀಜರ್ ಅಷ್ಟು ವರ್ಷ ಓಡಬೇಕು, ಅದರ ತಾಪಮಾನ ಅಷ್ಟು ವರ್ಷ ಬರೆದಿಡಬೇಕು, ಕೀಲಿ ಯಾರ ಬಳಿ ಇತ್ತೆಂಬ ಪುಸ್ತಕ ಅಷ್ಟು ವರ್ಷ ಉಳಿಯಬೇಕು. ಒಂದೊಂದು ಪರೀಕ್ಷೆಗೂ ಮಾದರಿಯ ಸ್ವಲ್ಪ ಅಂಶ ಖರ್ಚಾಗುವುದರಿಂದ, ಮುಂದೊಂದು ದಿನ ಬೇರೆ ಯಾರೋ ಕೇಳಬಹುದಾದ ಪ್ರಶ್ನೆಗೆಂದು ಸೀಸೆಯ ತಳದಲ್ಲಿ ಒಂದಿಷ್ಟನ್ನು ಮುಟ್ಟದೆ ಬಿಡಬೇಕು. ಕೊನೆಗೆ ಅದನ್ನು ನಾಶಮಾಡುವ ದಿನ ಬಂದರೆ, ಮೊಹರಿನ ಸಂಖ್ಯೆಯನ್ನು ಮತ್ತೊಮ್ಮೆ ಓದಿ, ಇಬ್ಬರ ಸಮಕ್ಷಮದಲ್ಲಿ, ದಿನಾಂಕ ಹಾಕಿ ಸಹಿ ಮಾಡಬೇಕು. ಸೀಸೆ ಹೋದ ಮೇಲೂ ಆ ಹಾಳೆ ಕಡತದಲ್ಲಿ ಇರುತ್ತದೆ.